ಬಾಗಿಲ ಕಡೆಗೆ ಒಂದು ಗೇಣು

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕುಂಡ ಕೆಂಪಿತ್ತೋ ಬಿಳಿಯಿತ್ತೋ ಎಂಬಂಥ ವಿಷಯಗಳಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಮಾತನ್ನು ನಾನು ಆಡಿದೆನೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಮೂರು ವರ್ಷ ಅದನ್ನೇ ನೆನೆದು ನೆನೆದು, ಯಾವುದು ನೆನಪು, ಯಾವುದು ನಾನೇ ಕಟ್ಟಿಕೊಂಡದ್ದು ಎಂದು ಬಿಡಿಸಲು ಬಾರದಂತಾಗಿದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ನನಗಿರುವ ಸಾಕ್ಷಿ ನಾನೊಬ್ಬಳೇ.

ಕಳೆದ ತಿಂಗಳು ಕಾಗವಾಡದಿಂದ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಸ್ಟೀಲ್ ಡಬ್ಬಿ ತುಂಬ ಒಣದ್ರಾಕ್ಷಿ ಕಳಿಸಿದ್ದರು. ಬೆಳಗಾವಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಂದದ್ದು ಸಿಹಿಯಲ್ಲ, ಗಂಧಕ. ಹಣ್ಣಿನ ಬಣ್ಣ ಕೆಡದಿರಲಿ ಎಂದು ಒಣಗಿಸುವ ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ತಿನ್ನುವವರಿಗೆ ಅದು ತಿಳಿಯುವುದಿಲ್ಲ. ಆ ಶೆಡ್ಡಿನ ಪಕ್ಕದಲ್ಲಿ ಬೆಳೆದವರಿಗೆ ತಿಳಿಯುತ್ತದೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ಕುಳಿತೆನೋ. ಕುಕ್ಕರು ಕೂಗಿ ಕೂಗಿ ಅನ್ನ ತಳ ಹಿಡಿಯಿತು.

ಮೂರು ವರ್ಷದ ಹಿಂದೆ ಫೆಬ್ರುವರಿ ಕೊನೆಗೆ ಅವ್ವ ಶೆಡ್ಡಿನಲ್ಲಿ ಬಿದ್ದಳು. ಶೆಡ್ಡು ಬಾಳಪ್ಪ ಕಾಕಾ ಅವರದು. ಅಪ್ಪನ ತಮ್ಮ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಅಂಗಳ ಮಾತ್ರ. ಅವ್ವ ಮದುವೆಯಾಗಿ ಬಂದಾಗ ಕಾಕಾ ಇನ್ನೂ ಚಡ್ಡಿ ಹಾಕುವ ಹುಡುಗ, ತಾಯಿ ಇಲ್ಲದವರು. ಅವರಿಗೆ ಉಣಿಸಿ, ಬೈದು, ಬೆಳೆಸಿದವಳು ಅವಳೇ. ಅಪ್ಪ ತೀರಿಕೊಂಡ ಮೇಲೂ, ಕಾಕಾ ಮೊಮ್ಮಕ್ಕಳನ್ನು ಕಂಡ ಮೇಲೂ, ಅವಳ ಬಾಯಲ್ಲಿ ಅವರು ಬಾಳ್ಯಾನೇ.

ಶೆಡ್ಡಿನಲ್ಲಿ ಬಲೆಯ ಮೇಲೆ ಬಲೆ, ಹತ್ತು ಹನ್ನೊಂದು ಅಂತಸ್ತು. ಎಲ್ಲದರ ಮೇಲೂ ದ್ರಾಕ್ಷಿ ಹರವಿರುತ್ತಾರೆ. ಒಣಗಿದೆಯೋ ಇಲ್ಲವೋ ಎಂದು ಹೇಳುವುದು ಅವ್ವನ ಕೆಲಸ. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಕಟ್ಟಿ ಬಿಡುವಳು. ಬಿಡಿಬಿಡಿಯಾಗಿ ಉದುರಿದರೆ ಆಯಿತು. ಅಂಟಿಕೊಂಡು ಉಂಡೆಯಾದರೆ ಇನ್ನೂ ಎರಡು ದಿನ. ತೇವ ಅಳೆಯುವ ಯಂತ್ರಗಳು ಬಂದಿವೆಯಂತೆ. ಕಾಕಾ ಅವ್ವನ ಕೈಯನ್ನೇ ನಂಬಿದ್ದರು. ಆವತ್ತೂ ಅವರೇ ಕರೆದದ್ದು: "ಅತ್ತಿಗಿ, ಮ್ಯಾಲಿನ ಬಲಿ ಒಂದೀಟ ನೋಡ ಬಾ." ಅರವತ್ತೆಂಟರ ಅವ್ವ ಏಣಿ ಹತ್ತಿದಳು. ನಾಲ್ಕನೆಯ ಮೆಟ್ಟಿಲು ಮುರಿಯಿತು. ತೊಡೆಯ ಎಲುಬು ಎರಡಾಯಿತು.

ಮಿರಜದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ಕನ್ನಡಕ್ಕೆ ಮರಾಠಿ ಬೆರೆಸಿ ಒಂದೇ ಮಾತು ಹೇಳಿದರು. ವಾಕರ್ ಹಿಡಿಸಿ ದಿನಾ ನಡೆಸಬೇಕು, ಈ ಬೇಸಿಗೆ ಮುಗಿಯುವುದರೊಳಗೆ ನಡೆಯದಿದ್ದರೆ ಆಮೇಲೆ ಹಾಸಿಗೆಯೇ ಗತಿ. ಅಣ್ಣ ಮತ್ತು ವೈನಿ ಸುಗ್ಗಿಯ ನಡುವೆ ಇದ್ದರು. ತೋಟ, ಶೆಡ್ಡು, ಆಳುಗಳು. ನಾನು ಒಬ್ಬಳೇ ಇರುವವಳು, ಕಾಲೇಜಿಗೆ ರಜೆ ಬರೆದು ಹಾಕಬಹುದಾದವಳು. ಯಾರೂ ಬಾ ಎಂದು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಇರಲಿಲ್ಲ.

ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಅದಕ್ಕೆ ಕ್ಯಾಲಥಿಯಾ ಎನ್ನುತ್ತಾರೆ ಎಂದು ಬೆಳಗಾವಿಯ ನರ್ಸರಿಯವನು ಹೇಳಿದ್ದ. ಅಂಗೈಗಿಂತ ದೊಡ್ಡ ಎಲೆ, ಹಸಿರಿನ ಮೇಲೆ ಯಾರೋ ಸಾವಧಾನವಾಗಿ ಕುಂಚ ಎಳೆದಂತೆ ತಿಳಿಹಸಿರು ಗೆರೆ, ಕೆಳಮೈ ನೇರಳೆ. ಸಂಜೆಯಾದರೆ ಎಲೆಗಳೆಲ್ಲ ಮೇಲೆದ್ದು ಒಂದಕ್ಕೊಂದು ಹತ್ತಿರವಾಗುತ್ತವೆ, ಬೆಳಗಾದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ನೇರ ಬಿಸಿಲು ಆಗದು, ಒಣ ಗಾಳಿ ಆಗದು, ಉಪ್ಪು ನೀರು ಆಗದು. ಎರಡು ವರ್ಷ ಸಾಕಿದ್ದೆ. ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರು ಅದನ್ನು ನೋಡಿ, "ಇದಕ್ಕೂ ಒಂದ ಟಿಕೇಟ ಹರೀಲ್ಯಾ ಅಕ್ಕಾರ?" ಎಂದಿದ್ದ.

ಅವ್ವ ಮಂಚದ ಮೇಲಿಂದ ನೋಡಿದಳು. ಮೊದಲು ನನ್ನನ್ನು, ಆಮೇಲೆ ಗಿಡವನ್ನು.

"ಇದೇನ ಹೊತಗೊಂಡ ಬಂದೀ?"

"ಗಿಡ ಅವ್ವಾ."

"ಗಿಡ ಕಾಣತೈತಿ ಬಿಡ, ಕಾಲ ಮುರದೈತಿ, ಕಣ್ಣ ಹೋಗಿಲ್ಲ. ಹಣ್ಣ ಬಿಡತೈತಿ?"

"ಇಲ್ಲ."

"ಹೂವ?"

"ಮನಿಯೊಳಗ ಬಿಡೂದು ಕಡಿಮಿ."

"ಮತ್ತ್ಯಾಕ ಇದರ ಸೇವಾ?"

ವೈನಿ ಚಹಾ ತಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ನಾನು ಬಿಸಿಲು, ಗಾಳಿ, ನೀರಿನ ನಿಯಮ ಹೇಳಿದೆ. ಅವ್ವ ವೈನಿಯ ಕಡೆ ತಿರುಗಿ, "ಕೇಳಿದೇನ ಸುಜಾತಾ? ಬಿಸಲ ಆಗಂಗಿಲ್ಲಂತ, ಗಾಳಿ ಆಗಂಗಿಲ್ಲಂತ, ಬೋರಿನ ನೀರ ಆಗಂಗಿಲ್ಲಂತ. ನನಗ ಇಂಥಾ ಸೊಸಿ ಸಿಕ್ಕಿದ್ರ ಏನ ಮಾಡತಿದ್ನೋ" ಎಂದಳು.

"ನನಗೂ ಆಗತಿದ್ದಿಲ್ಲರಿ ಅತ್ತಿ," ಎಂದರು ವೈನಿ, ಕಪ್ಪು ಇಡುತ್ತ. "ಯಾರೂ ಕೇಳಲಿಲ್ಲ, ಅದಕ್ಕ ಆತು."

ಅವ್ವ ನಕ್ಕಳು. ಅವತ್ತಿನಿಂದ ಗಿಡದ ಹೆಸರು ಪ್ಯಾಟಿ ಸೊಸಿ.

ಆ ಮೂರು ತಿಂಗಳು ಒಂದೇ ದಿನದಂತೆ ಇವೆ ನನ್ನ ತಲೆಯಲ್ಲಿ. ಬೆಳಿಗ್ಗೆ ಮೈ ಒರೆಸುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಪಾತ್ರೆ ಇಡುವುದು ತೆಗೆಯುವುದು, ಮಾತ್ರೆ, ಗಂಜಿ, ಒಗೆಯುವುದು. ಸೊಂಟ ನೋಯುತ್ತಿತ್ತು. ಓದಲೆಂದು ಒಯ್ದ ಪುಸ್ತಕಗಳ ಕಟ್ಟನ್ನು ಬಿಚ್ಚಲಿಲ್ಲ. ದಿನಚರಿಯಲ್ಲಿ ಕೆಲವು ದಿನ ಎರಡೇ ಸಾಲು ಇವೆ, ಕೆಲವು ದಿನ ಬರೀ ತಾರೀಖು. ಈಗ ತಿರುವಿ ನೋಡಿದರೆ ಅವ್ವನಿಗಿಂತ ಗಿಡದ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ನಾಚಿಕೆಯಾಗುತ್ತದೆ. ಆದರೆ ಅವ್ವನ ಬಗ್ಗೆ ಬರೆಯಲು ಏನಿತ್ತು? ಅವಳನ್ನು ದಿನವಿಡೀ ಕೈಯಿಂದ ಮುಟ್ಟುತ್ತಿದ್ದೆ. ಗಿಡವನ್ನು ಮಾತ್ರ ದೂರದಿಂದ ನೋಡಲು ಆಗುತ್ತಿತ್ತು.

ನಮ್ಮ ಬೋರಿನ ನೀರು ಸವಳು. ವಾರದೊಳಗೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಕುಡಿಯಲು ತರುವ ಫಿಲ್ಟರ್ ನೀರಿನ ಕ್ಯಾನಿನಿಂದ ಒಂದು ಲೋಟ ಕದ್ದು ಹಾಕಲು ಶುರು ಮಾಡಿದೆ. ಕಿಟಕಿಗೆ ಗೋಣಿತಟ್ಟು ಹಸಿ ಮಾಡಿ ಕಟ್ಟಿದೆ, ಕುಂಡದ ಕೆಳಗೆ ತಟ್ಟೆಯಲ್ಲಿ ಹರಳು ಹಾಕಿ ನೀರು ನಿಲ್ಲಿಸಿದೆ. ಇಡೀ ಮನೆ ಒಣ ಹವೆ ಬೇಡುವ ಕಾಲ ಅದು. ಶೆಡ್ಡಿನಲ್ಲಿ ವರ್ಷದ ಬೆಳೆ ಹರವಿದೆ. ಗಾಳಿ ಒಣಗಿದ್ದಷ್ಟು ಒಳ್ಳೆಯದು. ಬೆಳಗಾದರೆ ಅಣ್ಣ ಅಂಗಳಕ್ಕೆ ಬಂದು ಮೊದಲು ಆಕಾಶ ನೋಡುತ್ತಿದ್ದ. ಅದೇ ಮನೆಯ ಒಂದು ಕೋಣೆಯಲ್ಲಿ ನಾನು ತೇವ ಹಿಡಿದಿಡಲು ಒದ್ದಾಡುತ್ತಿದ್ದೆ.

ಮಾರ್ಚಿನಲ್ಲಿ ಎರಡು ದಿನ ಮೋಡ ಹಾಕಿತು. ಶೆಡ್ಡಿಗೆ ತಾಡಪತ್ರಿ ಕಟ್ಟಲು ಎಲ್ಲರೂ ಓಡಿದರು. ವೈನಿಯ ಮುಖ ಸುಣ್ಣವಾಗಿತ್ತು. ಮಳೆ ಬಂದರೆ ದ್ರಾಕ್ಷಿ ಕಪ್ಪಾಗಿ, ಬೂಸು ಹಿಡಿದು ಹೋಗುತ್ತದೆ. ಆ ಎರಡು ದಿನ ಗಿಡ ಮಾತ್ರ ಅಷ್ಟಗಲ ಬಿಚ್ಚಿಕೊಂಡು ನಿಂತಿತು, ನಡುವೆ ಸುರುಳಿಯಾಗಿ ಹೊಸ ಎಲೆಯೊಂದು ಎದ್ದಿತು. ನನಗೆ ಒಳಗೊಳಗೇ ಖುಷಿಯಾಯಿತು. ಅವ್ವ ಮಂಚದಿಂದ ನೋಡುತ್ತಿದ್ದಳು.

"ನಿನ್ನ ಪ್ಯಾಟಿ ಸೊಸಿಗೆ ಹಬ್ಬ ಆಗೇತಿ," ಎಂದಳು. "ನಮ್ಮ ಹೊಟ್ಟಿ ಮ್ಯಾಲ." ಮಳೆ ಬರಲಿಲ್ಲ.

ಅವಳಿಗೆ ಗಿಡದ ಮೇಲೆ ಮನಸ್ಸು ಬಂದದ್ದು ಹೇಗೆಂದು ನನಗೆ ನೆನಪಿದೆ, ಅಥವಾ ನೆನಪಿದೆ ಅಂದುಕೊಂಡಿದ್ದೇನೆ. ನಾನು ನೀರು ಹಾಕಲು ಹೋದಾಗ, "ತಡಿ, ಮಣ್ಣ ತಾ ಇಲ್ಲಿ," ಎಂದಳು. ಒಂದು ಚಿಟಿಕೆ ತಂದು ಅಂಗೈಯಲ್ಲಿಟ್ಟೆ. ದ್ರಾಕ್ಷಿ ನೋಡುವಂತೆಯೇ ಮುಷ್ಟಿ ಕಟ್ಟಿ ಬಿಟ್ಟಳು. ಮಣ್ಣು ಸಣ್ಣ ಉಂಡೆಯಾಗಿ ನಿಂತಿತು. "ಇನ್ನ ಹಸಿ ಐತಿ. ನಾಳೆ ಹಾಕ. ಕಲತಾಕಿ ನೀ, ಗಿಡಾನ ಮುಳಗಿಸಿ ಕೊಲ್ಲತೀ." ನಾನು ದಿನಾ ನೀರು ಹಾಕುತ್ತಿದ್ದೆ. ಅವಳು ಹೇಳಿದ ಮೇಲೆ ಮೂರು ದಿನಕ್ಕೊಮ್ಮೆ ಆಯಿತು, ಗಿಡ ಚೇತರಿಸಿತು. ಬಿದ್ದ ಮೇಲೆ ಅವಳ ಕೈಗೆ ಯಾರೂ ಏನನ್ನೂ ಕೊಟ್ಟು ಕೇಳಿರಲಿಲ್ಲ.

ವಾಕರ್ ಮಾತ್ರ ಗೋಡೆಗೆ ಒರಗಿಕೊಂಡೇ ಇತ್ತು. ನಾನು ಹಿಡಿದು ನಿಲ್ಲಿಸಿದರೆ ನಿಲ್ಲುವಳು, ಒಂದು ಹೆಜ್ಜೆ ಇಟ್ಟು, "ಸಾಕ್ ಬೇ, ಜೀವ ಹೋಗತೈತಿ," ಎಂದು ಕುಳಿತುಬಿಡುವಳು. ಕಾಕಾ ದಿನಾ ಎರಡು ಹೊತ್ತು ಬರುತ್ತಿದ್ದರು. ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ಹೊಸ್ತಿಲ ಮೇಲೆ ಟೋಪಿ ಬಿಚ್ಚಿಟ್ಟು ಕೂರುವರು. ಏಣಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆ ಏಣಿಯನ್ನು ಅವರು ಕಡಿದು ಒಲೆಗೆ ಹಾಕಿದ್ದರು, ವೈನಿ ಹೇಳಿದ್ದು.

ಒಂದು ಬೆಳಿಗ್ಗೆ ಕಾಕಾ, ಅವ್ವನ ಕೈಗೆ ಎಟಕುವಂತೆ ನಾನು ಇಟ್ಟಿದ್ದ ಗಿಡದ ಸ್ಟೂಲನ್ನು ಮಂಚದಿಂದ ಒಂದು ಗೇಣು ದೂರ ಸರಿಸಿದರು.

"ಏ ಬಾಳ್ಯಾ, ಯಾಕ ಸರಸ್ತಿ? ನನಗ ಮಣ್ಣ ಸಿಗಂಗಿಲ್ಲ."

"ಸಿಗಂಗಿಲ್ಲಂದ್ರ ಎದ್ದ ಬಾ."

"ಮಗಳ ಕಡೆ ತರಸ್ತೀನಿ."

"ಮಂಗೂ ತರಂಗಿಲ್ಲ. ಏ ಮಂಗೂ, ನೀ ತಂದ ಕೊಟ್ಟಿ ಅಂದ್ರ ನನ್ನ ಮನಿಯಿಂದ ನಿನಗ ಊಟಾ ಬಂದ್!"

ಮಂಗೂ ನಾನೇ. ಐವತ್ತರ ಹತ್ತಿರ ಬಂದ ನನ್ನನ್ನು ಆ ಹೆಸರಿನಿಂದ ಕರೆಯುವವರು ಕಾಕಾ ಒಬ್ಬರೇ ಉಳಿದಿದ್ದರು.

ಅವ್ವ ಬೈದಳು. ಅವರ ಸತ್ತ ಅಜ್ಜನಿಂದ ಹಿಡಿದು ಎಲ್ಲರನ್ನೂ ಬೈದಳು. ಆಮೇಲೆ ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟು ಮಣ್ಣು ಮುಟ್ಟಿದಳು. ಎರಡು ದಿನಕ್ಕೊಮ್ಮೆ ಕಾಕಾ ಸ್ಟೂಲನ್ನು ಬಾಗಿಲ ಕಡೆಗೆ ಒಂದೊಂದು ಗೇಣು ಸರಿಸುತ್ತ ಹೋದರು. "ಯುಗಾದಿ ಮುಗದ ಮ್ಯಾಲ ಹೊಸ್ತಿಲಾ. ಛಾಟಣಿ ಹೊತ್ತಿಗೆ ಅಂಗಳಾ. ಆಮ್ಯಾಲ ನೀನ ಶೆಡ್ಡಿಗೆ ಬಂದ ನನಗ ಬೈ," ಎನ್ನುತ್ತಿದ್ದರು. ಛಾಟಣಿ ಅಂದರೆ ಬೆಳೆ ತೆಗೆದ ಮೇಲೆ ಏಪ್ರಿಲ್‌ನಲ್ಲಿ ದ್ರಾಕ್ಷಿ ಬಳ್ಳಿಯನ್ನು ಪೂರ್ತಿ ಕತ್ತರಿಸಿ ಮೋಟು ಮಾಡುವುದು. ಅವ್ವ ಅರ್ಧ ಕೋಣೆ ದಾಟಿದಳು. ಅವಳ ಕಾಲಿಗೆ ಬಲ ಬರುತ್ತಿರುವುದು ನನ್ನ ತೋಳಿಗೆ ತಿಳಿಯುತ್ತಿತ್ತು. ನನ್ನ ಮೇಲೆ ಬೀಳುವ ಭಾರ ದಿನಾ ಸ್ವಲ್ಪ ಕಡಿಮೆಯಾಗುತ್ತಿತ್ತು.

ಬಾಗಿಲು ಪಶ್ಚಿಮಕ್ಕೆ. ಮಧ್ಯಾಹ್ನ ಎರಡರ ಮೇಲೆ ಅಲ್ಲಿಂದ ಒಲೆಯ ಬಾಯಿ ತೆರೆದಂತೆ ಗಾಳಿ ಬರುತ್ತದೆ. ಸ್ಟೂಲು ಹತ್ತಿರವಾದಷ್ಟೂ ಎಲೆ ಸುಡತೊಡಗಿತು. ಮೊದಲು ಅಂಚು, ಆಮೇಲೆ ಅರ್ಧ ಎಲೆ ಹಪ್ಪಳದಂತೆ. ಸಂಜೆ ಎಲೆಗಳು ಏಳುವುದು ನಿಂತಿತು. ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ಕಾಕಾ ಹೋದ ಮೇಲೆ ಸ್ಟೂಲನ್ನು ನಾನು ಸ್ವಲ್ಪ ಹಿಂದಕ್ಕೆ ಸರಿಸುತ್ತಿದ್ದೆ. ಅರ್ಧ ಗೇಣು. ಒಂದೊಂದು ದಿನ ಒಂದು ಗೇಣು. ಅವ್ವ ನಡೆಯಬೇಕಾದ ದಾರಿಯನ್ನು ಒಂದು ಗಿಡಕ್ಕಾಗಿ ಕಡಿಮೆ ಮಾಡುತ್ತಿದ್ದೆ. ಎಷ್ಟು ಸಲ ಹೀಗೆ ಮಾಡಿದೆ ಎಂದು ಕೇಳಿದರೆ ಎರಡು ಸಲ ಎನ್ನುತ್ತೇನೆ. ಹೆಚ್ಚೇ ಇರಬೇಕು. ದಿನಚರಿಯಲ್ಲಿ ಇದರ ಸುದ್ದಿಯೇ ಇಲ್ಲ.

ಏಪ್ರಿಲ್ ಬಂತು. ತೋಟದಲ್ಲಿ ನೀರು ನಿಲ್ಲಿಸಿ ಬಳ್ಳಿ ಬಾಡಿಸುತ್ತಿದ್ದರು. ಕತ್ತರಿಸುವ ಮೊದಲು ಹಾಗೆ ಬಾಡಿಸುವುದು ರೂಢಿ, ತಾಣ ಕೊಡುವುದು ಎನ್ನುತ್ತಾರೆ. ಒಂದು ಸಂಜೆ ಕಾಕಾ ಹೊಸ್ತಿಲ ಮೇಲೆ ಕುಳಿತು ಗಿಡವನ್ನು ಬಹಳ ಹೊತ್ತು ನೋಡಿದರು. ವೈನಿ ಆ ಕೋಣೆಯಲ್ಲೇ ಅವ್ವನ ಸೀರೆ ಮಡಚುತ್ತಿದ್ದರು. ಹಿಂದಿನ ದಿನದಿಂದ ಅವ್ವನಿಗೆ ಜ್ವರ. ನಾನು ನಿದ್ದೆ ಕಂಡಿರಲಿಲ್ಲ.

"ಮಂಗೂ, ಇದು ಮುದಿ ಆಗೇತಿ," ಎಂದರು ಕಾಕಾ. "ಎಲಿ ಸುಟ್ಟಾವ. ಇಟ್ಕೊಂಡ ಏನ ಮಾಡ್ತಿ? ಗಿಡಕ್ಕ ಭಾರ. ಬುಡಮಟಾ ಛಾಟಣಿ ಮಾಡಿದ್ರ ಹೊಸಾ ಚಿಗರ ಬರತೈತಿ."

"ಇದು ದ್ರಾಕ್ಷಿ ಅಲ್ಲರಿ ಕಾಕಾ."

"ಬೇರ ಬಿಟ್ಟದ್ದ ಎಲ್ಲಾ ಒಂದ. ದ್ರಾಕ್ಷಿ ಬಾಗ ನೋಡೀಯಿಲ್ಲೋ? ಏಪ್ರಿಲ್‌ದಾಗ ಸತ್ತಂಗ ಕಾಣತೈತಿ, ಮೇದಾಗ ಹಸರ."

ಇಷ್ಟು ಖಚಿತ. ಇದರ ಮುಂದಿನ ಮಾತೇ ನನಗೆ ಸಿಗುವುದಿಲ್ಲ. ಒಂದು ನೆನಪಿನಲ್ಲಿ ನಾನು, "ಬ್ಯಾಡ್ರಿ, ಮುಟ್ಟಬ್ಯಾಡ್ರಿ," ಎಂದು ಹೇಳಿ ಒಳಗೆ ಹೋಗುತ್ತೇನೆ. ಇನ್ನೊಂದರಲ್ಲಿ ಕೈಯಲ್ಲಿ ಅವ್ವನ ಒದ್ದೆ ಬಟ್ಟೆ ಹಿಡಿದು ನಿಂತಿದ್ದೇನೆ, "ಏನರೆ ಮಾಡ್ರಿ ಕಾಕಾ, ನನಗ ಸಾಕಾಗೇತಿ," ಎನ್ನುತ್ತೇನೆ. ಎರಡರಲ್ಲೂ ನನ್ನದೇ ದನಿ. ಆವತ್ತಿನ ಪುಟದಲ್ಲಿ ಬರೆದದ್ದು ಇಷ್ಟೇ: "ಅವ್ವನಿಗೆ ನೂರಾ ಎರಡು. ಕಾಕಾ ಗಿಡ ನೋಡಿದರು. ನಾಳೆ ಮಿರಜ." ನೋಡಿದರು ಎಂದು ಬರೆದಿದ್ದೇನೆ. ನೋಡಿಕೊಳ್ಳುತ್ತೇನೆ ಎಂದರೋ, ನೋಡಿ ಸುಮ್ಮನಾದರೋ, ಆ ಪುಟದಿಂದ ಏನೂ ತಿಳಿಯುವುದಿಲ್ಲ.

ಮರುದಿನ ಅವ್ವನ ರಿಪೋರ್ಟು, ಔಷಧಿ ತರಲು ಮಿರಜಕ್ಕೆ ಹೋದೆ. ಮರಳಿ ಬರುವಾಗ ಮೂರು ಗಂಟೆಯ ಬಿಸಿಲು. ಅಂಗಳದ ಕಟ್ಟೆಯ ಮೇಲೆ ಕುಂಡ ಇತ್ತು. ಎಲೆ ಒಂದೂ ಇಲ್ಲ. ಬುಡದಿಂದ ಎರಡು ಬೆರಳು ಎತ್ತರದ ಹತ್ತು ಹನ್ನೆರಡು ಮೋಟು. ಒಂದೊಂದು ಮೋಟಿನ ತುದಿಗೂ, ತೋಟದಲ್ಲಿ ಕತ್ತರಿಸಿದ ಕಡ್ಡಿಗೆ ಹಚ್ಚುವ ನೀಲಿ ಮುಲಾಮನ್ನು ನೀಟಾಗಿ ಹಚ್ಚಿದ್ದರು. ನಮ್ಮವರಲ್ಲದೆ ಇನ್ಯಾರೂ ಹಾಗೆ ಮಾಡುತ್ತಿರಲಿಲ್ಲ. ಅಷ್ಟು ಜೋಪಾನವಾಗಿ ಮಾಡಿದ್ದರು. ಕತ್ತರಿಸಿದ ಎಲೆಗಳನ್ನು ಕೂಡ ಒಂದರ ಮೇಲೊಂದು ಜೋಡಿಸಿಟ್ಟಿದ್ದರು.

ಕಾಕಾ ಕತ್ತರಿ ಒರೆಸುತ್ತ ನಗುತ್ತ ಎದ್ದರು. "ನೋಡ, ಹದಿನೈದ ದಿನದಾಗ..."

ನಾನು ಮಾತು ಮುಗಿಸಲು ಬಿಡಲಿಲ್ಲ. ಈ ಮಾತು ಮಾತ್ರ ನನಗೆ ಸರಿಯಾಗಿ ನೆನಪಿದೆ. ಇದನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

"ಅವ್ವನ ಕಾಲ ಮುರದದ್ದ ಸಾಲಲಿಲ್ಲೇನ್ರಿ ನಿಮಗ?" ಎಂದೆ. "ಇರೂದೊಂದ ಜೀವಾ, ಅದನ್ನೂ ಕಡದ ಹಾಕಿದ್ರಿ."

ಅಂಗಳದಲ್ಲಿ ಆಳುಗಳಿದ್ದರು. ವೈನಿ ಅಡಿಗೆಮನೆಯ ಬಾಗಿಲಿಗೆ ಬಂದರು. ಒಳಗೆ ಮಂಚ ಕಿರುಗುಟ್ಟಿತು. ಕಾಕಾ ಬಾಯಿ ತೆರೆದು ಏನೋ ಹೇಳಲು ಹೋದರು. ಏನು ಹೇಳುವವರಿದ್ದರು? ನೀನೇ ಹೇಳಿದೆಯಲ್ಲ ಮಂಗೂ ಎಂದೋ? ಕತ್ತರಿಯನ್ನು ಕಟ್ಟೆಯ ಮೇಲಿಟ್ಟು, ಟೋಪಿ ಹಾಕಿಕೊಂಡು, ಅಂಗಳ ದಾಟಿ ಹೋದರು. ನಾನು ಕುಂಡ ಎತ್ತಿ ಹಿತ್ತಲ ತಿಪ್ಪೆಗೆ ಒಗೆದು ಬಂದೆ.

ಅವ್ವ ಆ ಸಂಜೆ ನಾನು ಊಟದ ತಟ್ಟೆ ಮುಂದಿಟ್ಟಾಗ, "ಅವಾ ಸಣ್ಣಾಂವ ಇದ್ದಾಗಿಂದ್ಲೂ ಹಂಗ, ಏನರೆ ಒಳ್ಳೇದ ಮಾಡಾಕ ಹೋಗಿ ಬೈಸ್ಕೋತಾನ," ಎಂದು ಗೋಡೆಗೆ ಹೇಳಿದಂತೆ ಹೇಳಿದಳು. ಆಮೇಲೆ ನನ್ನ ಕಡೆ ನೋಡಿ, "ಏಣಿ ನಾನ ಹತ್ತಿದ್ದ ಬೇ. ಯಾರೂ ನನ್ನ ಎತ್ತಿ ಕುಂಡ್ರಿಸಿದ್ದಿಲ್ಲ," ಎಂದಳು.

ಮರುದಿನ ಕಾಕಾ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾಕರ್ ತಂದು ನಿಲ್ಲಿಸಿದೆ. "ಇವತ್ತ ಬ್ಯಾಡ," ಎಂದಳು. ಖಾಲಿ ಸ್ಟೂಲನ್ನು ಬಾಗಿಲ ಬಳಿ ಇಟ್ಟು ಕರೆದೆ. "ಅಲ್ಲೇನೈತಿ, ನಾ ಬರಾಕ?" ಎಂದಳು. ತುಳಸಿಯ ಕುಂಡ ತಂದಿಟ್ಟೆ, ಆಗಲೂ ಏಳಲಿಲ್ಲ. ನಾನೇ ಕ್ಷಮೆ ಕೇಳಲು ಅಂಗಳ ದಾಟಿದೆ. ಕಾಕಾ ತೋಟಕ್ಕೆ ಹೋಗಿದ್ದಾರೆ ಎಂದರು. ಇನ್ನೊಮ್ಮೆ ಹೋದಾಗ ಮನೆಯಲ್ಲೇ ಇದ್ದರು. "ಬರ್ರಿ, ಕುಂಡ್ರಿ," ಎಂದು ನನಗೆ ಕುರ್ಚಿ ಹಾಕಿದರು. ಹಾಗೆ ಬಹುವಚನದಲ್ಲಿ ಮಾತಾಡಿಸಿದ ಮೇಲೆ ನಾನು ತಂದ ಮಾತು ಆಡದೆಯೇ ಚಹಾ ಕುಡಿದು ಬಂದೆ.

ಬೇಸಿಗೆ ಮುಗಿಯಿತು. ಜೂನ್‌ನಲ್ಲಿ ಕಾಲೇಜು ತೆರೆಯಿತು, ನಾನು ಬೆಳಗಾವಿಗೆ ಬಂದೆ. ಅವ್ವ ಹಾಸಿಗೆ ಹಿಡಿದೇ ಉಳಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ವಾಕರ್ ಹಿಡಿದು ನಡೆಯುತ್ತಾಳೆ. ಹೊಸ್ತಿಲು ದಾಟುವುದಿಲ್ಲ. ಕಾಕಾ ಅಂಗಳದಿಂದಲೇ, "ಉಂಡಿ ಅತ್ತಿಗಿ?" ಎಂದು ಕೂಗುತ್ತಾರೆ. ಅವಳು ಒಳಗಿನಿಂದಲೇ, "ಉಂಡ್ನ್ಯೋ ಬಾಳ್ಯಾ," ಎನ್ನುತ್ತಾಳೆ. ಸುಗ್ಗಿಯಲ್ಲಿ ವೈನಿ ಶೆಡ್ಡಿನಿಂದ ತಟ್ಟೆಯಲ್ಲಿ ಒಂದು ಹಿಡಿ ತಂದು ತೋರಿಸುತ್ತಾರೆ. ಅವಳು ಮುಷ್ಟಿ ಕಟ್ಟಿ ನೋಡಿ ಹೇಳಿ ಕಳಿಸುತ್ತಾಳೆ. ಅವ್ವನಿಗೂ ಕಾಕಾಗೂ ನಡುವೆ ಇರುವುದು ಅಷ್ಟೇ ಗೇಣು.

ಡಬ್ಬಿ ಬಂದ ಮುಂದಿನ ಭಾನುವಾರ ಊರಿಗೆ ಹೋದೆ. ಅವ್ವ ಮಲಗಿದ್ದಳು. ವೈನಿ ಹಿತ್ತಲ ಬೇವಿನ ನೆರಳಲ್ಲಿ ಮೊರ ಇಟ್ಟುಕೊಂಡು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು. ನಾನೂ ಕುಳಿತೆ. ಅದು ಇದು ಮಾತಾಡುತ್ತ, ಅವರು ಮೊರದಿಂದ ಕಣ್ಣೆತ್ತದೆ, "ಅಕ್ಕಾರ, ನಿಮ್ಮ ಆ ಗಿಡ ಚಿಗರಿತ್ತ ನೋಡ್ರಿ," ಎಂದರು.

"ಯಾವ ಗಿಡಾರಿ?"

"ಅದ ಪ್ಯಾಟಿ ಸೊಸಿ. ನೀವ ತಿಪ್ಪಿಗೆ ಒಗದ ಹ್ವಾದ್ರಲ್ಲ. ನೀವ ಹೋದ ಮ್ಯಾಲ ಮಳಿ ಹತ್ತಿತು. ಮೂರ ಎಲಿ ಸುರಳಿ ಸುರಳಿ ಎದ್ದಿದ್ದೂ. ಗೆರಿ ಅಂತೂ ಬರದಾಂಗ."

"ಕಾಕಾ ನೋಡಿದ್ರ್ಯಾ?"

"ದಿನಾ ಬಂದ ನೋಡತಿದ್ರು. ಹಿತ್ತಲದಾಗಿಂದ ಬಂದ ಹಿತ್ತಲದಾಗ ಹೋಗತಿದ್ರು."

"ನನಗ್ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದ್ರು." ವೈನಿ ಒಂದು ತೊಟ್ಟು ಕಿತ್ತು ಪಕ್ಕಕ್ಕೆ ಹಾಕಿದರು. "ಇನ್ನೊಂದೀಟ ದೊಡ್ಡದಾಗ್ಲಿ, ಆಮ್ಯಾಲ ಕುಂಡದಾಗ ಹಾಕಿ ಅತ್ತಿಗಿ ಮುಂದ ಇಡೂಣು ಅಂದ್ರು. ಅಷ್ಟರಾಗ ಆಡ ತಿಂದ ಹೋತು."

ನನಗೆ ನಗು ಬಂತು. ನಿಜವಾಗಿಯೂ ನಕ್ಕೆ. ವೈನಿಯೂ ನಕ್ಕರು. ತಿಪ್ಪೆ ಅಲ್ಲಿಯೇ ಎದುರಿಗೆ ಇತ್ತು, ಅದರ ಮೇಲೆ ಈಗ ಕಬ್ಬಿನ ರವದಿಯ ಒಣ ಗರಿ, ಬೂದಿ, ಹರಿದ ಬಲೆಯ ತುಂಡು. ನಗು ನಿಂತ ಮೇಲೆ ಇಬ್ಬರೂ ಮತ್ತೆ ತೊಟ್ಟು ಬಿಡಿಸಿದೆವು. ಮೊರದಿಂದ ಒಂದು ಹಿಡಿ ಎತ್ತಿಕೊಂಡು ಮುಷ್ಟಿ ಕಟ್ಟಿದೆ, ಅವ್ವನಂತೆ. ನನ್ನ ಕೈಗೆ ಏನೂ ತಿಳಿಯುವುದಿಲ್ಲ.

ಮೂರು ವರ್ಷದಿಂದ ಕೇಳಬೇಕೆಂದು ಇಟ್ಟುಕೊಂಡದ್ದನ್ನು ಆಗ ಕೇಳಿದೆ. ಕಾಕಾ ಛಾಟಣಿಯ ಮಾತೆತ್ತಿದ ಆ ಸಂಜೆ ಆ ಕೋಣೆಯಲ್ಲಿ ನನ್ನ ಮತ್ತು ಕಾಕಾ ಅವರ ಜೊತೆ, ಜ್ವರದಲ್ಲಿದ್ದ ಅವ್ವನನ್ನು ಬಿಟ್ಟರೆ, ಇದ್ದವರು ವೈನಿ ಒಬ್ಬರೇ. ಅವರ ಕೈಯಲ್ಲಿ ಅವ್ವನ ಸೀರೆ ಇತ್ತು. ಅಷ್ಟು ನನಗೆ ನೆನಪಿದೆ.

ವೈನಿ ಮೊರವನ್ನು ಒಮ್ಮೆ ಕೇರಿದರು. ಒಳಗಿನಿಂದ ಅವ್ವ ಯಾರನ್ನೋ ಕರೆದಂತಾಯಿತು. "ಅತ್ತಿ ಎದ್ದಾರ," ಎಂದು ಸೀರೆ ಕೊಡವಿಕೊಂಡು ಎದ್ದು ಹೋದರು. ನಾನು ಹೊರಡುವವರೆಗೂ ಆ ಮಾತಿಗೆ ಮರಳಲಿಲ್ಲ. ಬೆಳಗಾವಿಗೆ ಬಂದ ಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇನೆ. ಡಬ್ಬಿ ಖಾಲಿಯಾಯಿತೇ ಎಂದು ಕೇಳುತ್ತಾರೆ. ಇನ್ನೂ ಇದೆ ಎನ್ನುತ್ತೇನೆ. ನಾನು ಕೇಳಿದ್ದು ಇಷ್ಟೇ:

"ವೈನಿ, ಆವತ್ತ ಕಾಕಾಗ ಕಡೀರಿ ಅಂತ ನಾನ ಹೇಳಿದ್ನೇನ್ರಿ?"